ನಜವ್ವ ಮುಟ್ಟದ ಚಹಾ

ಚಹಾ ಬಂದ ಕೂಡಲೇ ಕುಡಿಯಬಾರದು, ಒಂದೇ ಒಂದು ನಿಮಿಷ ತಡೆಯಬೇಕು, ಅದೂ ಯಾರಿಗೂ ಗೊತ್ತಾಗದ ಹಾಗೆ, ಎಂದು ನಜ್ವಾ ತೀರ್ಮಾನ ಮಾಡಿದ್ದು ಗಾಡಿ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳ ಸಾಲು ದಾಟುತ್ತಿದ್ದಾಗ. ಮಗ ಅಮೋಲ ಕೆಲಸ ಮಾಡುವ ಟಾವೆಲ್ ಕಾರ್ಖಾನೆಯ ಗೇಟು ಎಡಕ್ಕೆ ಬಂದು ಹೋಯಿತು. ಭಾನುವಾರವಾದ್ದರಿಂದ ಮಗ್ಗಗಳ ಸದ್ದಿರಲಿಲ್ಲ, ಹಾಗಾಗಿ ಮುಂದಿನ ಸೀಟಿನಿಂದ ಅತ್ತೆ ಕಸ್ತೂರಬಾಯಿ ಹೇಳುತ್ತಿದ್ದುದೆಲ್ಲ ಒಂದಕ್ಷರ ಬಿಡದೆ ಕೇಳಿಸುತ್ತಿತ್ತು. ಸೋಲಾಪುರದ ಹಳೆಯ ಚಾದರ ಅಂಗಡಿಯ ಮನೆತನದ ಹಿರಿಯಳಾದ ಕಸ್ತೂರಬಾಯಿ, ಹಿಂದಕ್ಕೆ ತಿರುಗುವ ಶ್ರಮವನ್ನೂ ತೆಗೆದುಕೊಳ್ಳದೆ, ಹೆಣ್ಣಿನ ಮನೆಯಲ್ಲಿ ಸೊಸೆ ಮಾಡಬಾರದ್ದನ್ನು ಗಾಜಿಗೆ ಹೇಳುತ್ತ ಕೂತಿದ್ದಳು. ತಲೆಯ ಮೇಲಿನ ಸೆರಗು ಜಾರಬಾರದು. ಕರೆಯದೆ ಅಡುಗೆಮನೆಗೆ ನುಗ್ಗಬಾರದು. ಹೆಣ್ಣಿನ ಅವ್ವ, ಅಜ್ಜಿ, ಯಾರೇ ಆಗಲಿ, ಎರಡೂ ಕೆನ್ನೆಗೆ ಮುತ್ತು ಕೊಡಲು ಹೋಗಬಾರದು. ಈ ಕೊನೆಯದು ಇಪ್ಪತ್ತೆಂಟು ವರ್ಷ ಹಿಂದಿನ ಅಪರಾಧ. ಮದುವೆಯಾಗಿ ಬಂದ ವರ್ಷ ನಾಗಪಂಚಮಿಗೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಿಗೆಲ್ಲ ನಜ್ವಾ ಮುತ್ತು ಕೊಟ್ಟಿದ್ದಳು, ಓಣಿ ಆರು ತಿಂಗಳು ಅದನ್ನೇ ಆಡಿಕೊಂಡಿತ್ತು. ಆಮೇಲೆ ಅವಳು ಯಾರಿಗೂ ಮುತ್ತು ಕೊಟ್ಟಿರಲಿಲ್ಲ, ಆದರೂ ಅತ್ತೆ ಪ್ರತಿ ಮದುವೆ ಮುಂಜಿಗೂ ಹೊರಡುವ ಮುನ್ನ ಅದನ್ನು ನೆನಪಿಸದೆ ಬಿಡುತ್ತಿರಲಿಲ್ಲ.

ನಜ್ವಾ ಎಂಬ ಹೆಸರು ಸೋಲಾಪುರಕ್ಕೆ ಬಂದ ಎರಡನೇ ವಾರಕ್ಕೇ ನಜವ್ವ ಆಗಿತ್ತು. ಬದಲಿಸಬೇಕೆಂದು ಯಾರೂ ಬದಲಿಸಿದ್ದಲ್ಲ. ಹಾಲು ಹಾಕುವವಳು ಒಂದು ಬೆಳಿಗ್ಗೆ ಹಾಗೆ ಕರೆದಳು, ಓಣಿಗೆ ನಾಲಿಗೆಗೆ ಹಗುರಾಯಿತು, ಅಷ್ಟೆ. ಪ್ಯಾಲೆಸ್ತೀನಿನ ನಾಬ್ಲುಸ್ ಎಂಬ ಬೆಟ್ಟದೂರಿನ ಔಷಧ ಅಂಗಡಿಯವನ ಮಗಳು ಪುಣೆಗೆ ಫಾರ್ಮಸಿ ಕಲಿಯಲು ಬಂದು, ಅಲ್ಲಿ ಬಿ.ಕಾಂ. ಪರೀಕ್ಷೆಗೆ ಮೂರನೇ ಸಲ ಕಟ್ಟಿದ್ದ ಕಸ್ತೂರಬಾಯಿಯ ಮಗ ರಾಚಪ್ಪನನ್ನು ರಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಳು. ಸಾಕ್ಷಿಗೆ ಹಾಸ್ಟೆಲ್ಲಿನ ಗೆಳತಿ ಒಬ್ಬಳು, ಎದುರಿನ ಝೆರಾಕ್ಸ್ ಅಂಗಡಿಯವನೊಬ್ಬ. ಸಹಿ ಹಾಕಿ ಹೊರಗೆ ಬಂದು ನಾಲ್ವರೂ ಕೈಗಾಡಿಯ ಚಹಾ ಕುಡಿದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಝೆರಾಕ್ಸಿನವನು ಮಾತ್ರ ಸಕ್ಕರೆ ಸಾಕಾಯಿತೇ ಎಂದು ಕೇಳಿದ್ದ. ಸೋಲಾಪುರಕ್ಕೆ ಬಂದ ಮೇಲೆ ಅವಳು ಕಲಿತದ್ದು ಅತ್ತೆಯ ಕನ್ನಡ. ಮೊದಲ ವರ್ಷ ಅತ್ತೆ ಅವಳೊಡನೆ ಬೈಯಲು ಮಾತ್ರ ಬಾಯಿ ತೆರೆಯುತ್ತಿದ್ದುದರಿಂದ ಬೈಗುಳ ಮೊದಲು ಬಂತು, ಆಮೇಲೆ ಅಡುಗೆಯ ಮಾತು, ಬಹಳ ತಡವಾಗಿ ಸುಖದುಃಖದ್ದು. ಈಗ ಆ ಮನೆಯಲ್ಲಿ ಬೆಳಗಿನಿಂದ ರಾತ್ರಿಯತನಕ ಕನ್ನಡವನ್ನೇ ಆಡುವವರು ಇಬ್ಬರೇ, ಕಸ್ತೂರಬಾಯಿ ಮತ್ತು ನಜವ್ವ. ಹುಟ್ಟಾ ಸೋಲಾಪುರದವನಾದ ಅಮೋಲ ಮರಾಠಿಯಲ್ಲೇ ಕನಸು ಕಾಣುತ್ತಿದ್ದ.

ಚಹಾದ ವಿಷಯ ತಲೆಗೆ ಹೊಕ್ಕಿದ್ದು ಬೆಳಿಗ್ಗೆ ಅಮ್ಮಾನ್ ಪಟ್ಟಣದಿಂದ ಬಂದ ಫೋನಿನಿಂದ. ಅಲ್ಲಿ ತಮ್ಮನ ಮನೆಯಲ್ಲಿರುವ ತಾಯಿಗೆ ಎಂಬತ್ತೆರಡು ವರ್ಷ, ಕಿವಿ ಮಂದ, ಆದರೆ ಮೊಮ್ಮಗನಿಗೆ ಹೆಣ್ಣು ಕೇಳಲು ಹೋಗುತ್ತಿದ್ದಾರೆ ಎಂಬುದು ಮಾತ್ರ ಅಷ್ಟು ದೂರದಿಂದಲೂ ಕೇಳಿಸಿತ್ತು. ಎಷ್ಟು ಜನ ಹೋಗುತ್ತಿದ್ದೀರಿ ಎಂದಳು. ನಾಲ್ವರು ಎಂದಾಗ, ಅದು ಹೆಣ್ಣು ಕೇಳುವ ಮಂದಿಯಲ್ಲ, ಟ್ಯಾಕ್ಸಿ ಎಂದಳು. ನಾಬ್ಲುಸಿನಲ್ಲಿ ಹೆಣ್ಣು ಕೇಳಲು ಇಪ್ಪತ್ತು ಮೂವತ್ತು ಗಂಡಸರು ಹೋಗುತ್ತಾರೆ, ಜೊತೆಗೆ ಊರಿನಲ್ಲಿ ಮಾತು ನಡೆಯುವ ಹಿರಿಯನೊಬ್ಬ. ಹೆಣ್ಣಿನ ಮನೆಯವರು ಕಾಫಿ ಕೊಡುತ್ತಾರೆ. ಹಿರಿಯ ಅದನ್ನು ಮುಟ್ಟುವುದಿಲ್ಲ, ಕೆಳಗಿಡುತ್ತಾನೆ. ನಮಗೊಂದು ಬೇಡಿಕೆಯಿದೆ, ಅದು ಈಡೇರುವತನಕ ನಿಮ್ಮ ಕಾಫಿ ಕುಡಿಯುವುದಿಲ್ಲ ಎನ್ನುತ್ತಾನೆ. ಕುಡಿಯಿರಿ, ಕೊಟ್ಟೆವು, ಎಂದು ಹೆಣ್ಣಿನ ಕಡೆಯ ಹಿರಿಯ ಹೇಳಿದ ಮೇಲೆಯೇ ಲೋಟ ಮೇಲೇಳುವುದು. ನಿನ್ನ ಅಪ್ಪ ಊರ ಗಂಡುಮಕ್ಕಳಿಗೆಲ್ಲ ಕಾಫಿ ಕೆಳಗಿಟ್ಟ, ಎಂದಳು ತಾಯಿ, ಅವನ ಮನೆಯಲ್ಲಿ ಒಬ್ಬನೂ ಬಂದು ಕೆಳಗಿಡಲಿಲ್ಲ. ಇದನ್ನು ಆಕೆ ದೂರೆಂದು ಹೇಳಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದಳು. ನಜವ್ವ, ಇಲ್ಲಿ ಕಾಫಿಯಿಲ್ಲ, ಚಹಾ ಕೊಡುತ್ತಾರೆ ಎಂದಳು. ನೀರು ಕೊಟ್ಟರೂ ಅಷ್ಟೇ ಎಂದು ತಾಯಿ ಫೋನಿಟ್ಟಳು.

ಇದನ್ನು ಮನೆಯಲ್ಲಿ ಯಾರಿಗಾದರೂ ಹೇಳುವ ಹಾಗಿರಲಿಲ್ಲ. ಅಮೋಲನಿಗೆ ಈ ಎರಡು ವರ್ಷದಲ್ಲಿ ಮೂರು ವ್ಯಾಪಾರಸ್ಥ ಮನೆಯವರು ಬಂದು, ಅವಲಕ್ಕಿ ತಿಂದು, ಹೊಗಳಿ, ಹುಡುಗನ ತಾಯಿ ಎಲ್ಲಿಯವಳೆಂದು ತಿಳಿದ ಮರುದಿನ ಜಾತಕ ಕೂಡುವುದಿಲ್ಲ ಎಂದು ಫೋನು ಮಾಡಿದ್ದರು. ಯಾರೂ ಹುಟ್ಟಿದ ವೇಳೆಯನ್ನೇ ಕೇಳಿರಲಿಲ್ಲ. ಈ ಅವಮಾನಗಳನ್ನು ನಜವ್ವ ತನ್ನ ಲೆಕ್ಕಕ್ಕೇ ಹಾಕಿಕೊಂಡಿದ್ದಳು. ಕೊನೆಗೆ ಅಮೋಲ ತಾನೇ ಹೇಳಿದ, ಅಕ್ಕಲಕೋಟದ ಬಸ್ಸಿನಲ್ಲಿ ಒಬ್ಬಳು ಬರುತ್ತಾಳೆ, ಚಪಳಗಾಂವದವಳು, ಊರೂರಿಗೆ ಹೋಗಿ ಕುರಿ ಆಡುಗಳಿಗೆ ಸೂಜಿ ಹಾಕುವ ಸರಕಾರಿ ನೌಕರಿ, ಸೋನಾಲಿ ಎಂದು ಹೆಸರು. ಕುರಿ ಸಾಕುವ ಹಾಲುಮತದ ಮನೆ, ಬೀರೋಬಾ ದೇವರ ಒಕ್ಕಲು. ಕಸ್ತೂರಬಾಯಿ ಎರಡು ದಿನ ಉಣ್ಣಲಿಲ್ಲ, ಮೂರನೇ ದಿನ ಎಲ್ಲರೂ ದೇವರ ಮಕ್ಕಳೇ ಎಂದು ರೊಟ್ಟಿ ಮುರಿದಳು. ಆದರೆ ಒಪ್ಪಿಗೆ ಇವರದಷ್ಟೇ ಸಾಲದು. ಸೋನಾಲಿಗೆ ಮಂದ್ರೂಪದಲ್ಲಿ ಸೋದರಮಾವನ ಮಗನಿದ್ದ, ಕಬ್ಬಿನ ಹೊಲವಿತ್ತು, ಅವರು ಸೋಮವಾರವೇ ಮಾತಿಗೆ ಬರುವವರಿದ್ದರು. ಈ ಭಾನುವಾರ ತಪ್ಪಿದರೆ ತಪ್ಪಿತು. ನಿನ್ನೆ ಅಮೋಲ ತಾಯಿಯ ಪಕ್ಕದಲ್ಲಿ ಬಂದು ಕೂತು, ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆ ಅವಳ ಬಳೆ ತಿರುಗಿಸುತ್ತ, "ಆಈ, ತೂ ಫಕ್ತ ಗಪ್ಪ ಬಸ್" ಎಂದಿದ್ದ. ಸುಮ್ಮನೆ ಕೂರು, ಅಷ್ಟೇ ಸಾಕು. ಮಗ ತನ್ನಿಂದ ಬೇಡುವುದು ತಾನು ಇಲ್ಲದಂತಿರುವುದನ್ನು ಎಂದು ಅವಳಿಗೆ ಬಹಳ ನೋವಾಯಿತು, ಮತ್ತು ಅವನು ಕೇಳಿದ್ದು ಸರಿಯೇ ಅನ್ನಿಸಿ ಇನ್ನಷ್ಟು ನೋವಾಯಿತು.

ಆದ್ದರಿಂದಲೇ ಒಂದು ನಿಮಿಷ. ಅಕ್ಕಲಕೋಟದಲ್ಲಿ ಸ್ವಾಮಿಗಳ ದರ್ಶನಕ್ಕೆ ನಿಂತಾಗ, ಮಠದ ಸಾಲಿನಲ್ಲಿ ಅತ್ತೆಯ ಬೆನ್ನಿಗೆ ಒತ್ತಿಕೊಂಡು ಅವಳು ಇದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದಳು. ಬಿಸಿ ಚಹಾವನ್ನು ಯಾರೂ ತಕ್ಷಣ ಕುಡಿಯುವುದಿಲ್ಲ. ಅರವತ್ತು ಎಣಿಸುವುದು, ಮನಸ್ಸಿನಲ್ಲೇ ಕೇಳುವುದು, ಅವರು ಕೊಟ್ಟರೆಂದು ಮನಸ್ಸಿನಲ್ಲೇ ತಿಳಿಯುವುದು, ಕುಡಿಯುವುದು. ಅಪ್ಪನಿಗೂ ಆಯಿತು, ಮಗನಿಗೂ ಆಯಿತು. ಇಪ್ಪತ್ತೆಂಟು ವರ್ಷ ಎಳ್ಳು ಹೋಳಿಗೆಯಿಂದ ಹಿಡಿದು ಸೂತಕದತನಕ ಎಲ್ಲವನ್ನೂ ಇವರು ಹೇಳಿದ ಹಾಗೆ ಮಾಡಿದವಳಿಗೆ ತನ್ನದೆಂದು ಒಂದು ನಿಮಿಷ ಸಿಕ್ಕಬಾರದೇ ಎಂದು ಅವಳು ಸ್ವಾಮಿಗಳನ್ನೇ ಕೇಳಿದಳು. ಹಿಂದಿನವರು ಮುಂದೆ ನಡೆಯಿರಿ ಎಂದು ತಳ್ಳಿದರು. ಅದನ್ನು ಒಪ್ಪಿಗೆ ಎಂದುಕೊಂಡಳು.

ಚಪಳಗಾಂವದ ಮನೆಯಲ್ಲಿ ಗಂಡಸರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ಹೆಂಗಸರಿಗೆ ಹೊಸ ಕಂಬಳಿ ಹಾಸಿದ್ದರು. ಹುಡುಗಿಯ ತಂದೆ ಅಮೋಗಸಿದ್ಧ ಎತ್ತರದ ಮನುಷ್ಯ, ಬಿಳಿ ರುಮಾಲು, ಮಾತು ಕಡಿಮೆ. ಕುರ್ಚಿಯ ಅಂಚಿನಲ್ಲಿ ತಾನೇ ಅತಿಥಿಯೆಂಬಂತೆ ಕೂತಿದ್ದ. ಕಂಬಳಿಯ ಆ ತುದಿಗೆ ಅವನ ತಾಯಿ ರೇವಮ್ಮ, ಎಲೆಯಡಿಕೆಯ ಚೀಲ ತೊಡೆಯ ಮೇಲಿಟ್ಟುಕೊಂಡು, ನಜವ್ವನನ್ನು ಸಂಕೋಚವಿಲ್ಲದೆ ನೋಡುತ್ತಿದ್ದಳು. ಮಳೆ, ಬಸ್ಸು, ಅಕ್ಕಲಕೋಟದ ಗರ್ದಿ ಎಲ್ಲ ಮುಗಿದ ಮೇಲೆ ಅಮೋಗಸಿದ್ಧ ಬಹಳ ಮೆಲ್ಲಗೆ, ಟೀವಿಯಲ್ಲಿ ಯುದ್ಧ ತೋರಿಸುತ್ತಾರಲ್ಲ, ಅದು ನಿಮ್ಮ ಊರೇ ಎಂದು ಕೇಳಿದ. ಅಲ್ಲ, ನಮ್ಮದು ಸ್ವಲ್ಪ ಈ ಕಡೆ ಎಂದಳು ನಜವ್ವ. ಎರಡು ವರ್ಷದಿಂದ ತರಕಾರಿಯವಳಿಗೆ, ಬ್ಯಾಂಕಿನವನಿಗೆ, ಎಲ್ಲರಿಗೂ ಇದೇ ಉತ್ತರ ಹೇಳುತ್ತ ಬಂದಿದ್ದಳು, ಮತ್ತು ಪ್ರತಿ ಸಲವೂ ಸಾಯುತ್ತಿರುವವರನ್ನು ಬರೀ ನೆರೆಯವರೆಂದು ಹೇಳಿ ಜಾರಿಕೊಂಡ ಹಾಗಾಗಿ ತನ್ನ ಮೇಲೆ ತನಗೇ ಹೇಸಿಗೆ ಆಗುತ್ತಿತ್ತು. ರೇವಮ್ಮ ತುಟಿಯಲ್ಲಿ ಚ್‌ಚ್ ಎಂದು, ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು.

ಆಗ ಸೋನಾಲಿ ತಟ್ಟೆ ಹಿಡಿದು ಬಂದಳು. ಕಪ್ಪುಗಳ, ಬಶಿಗಳ ಅಂಚಿಗೆ ಚಿನ್ನದ ಗೆರೆ, ಇವತ್ತಿಗೆಂದೇ ತೆಗೆದವು. ಆಡಿನ ಹಾಲಿನ ಚಹಾ. ಎರಡು ವರ್ಷ ಬಸ್ಸಿನಲ್ಲಿ ಅವಳನ್ನೇ ನೋಡಿದ್ದ ಅಮೋಲ ಈಗ ತನ್ನ ಬೂಟಿನ ಲೇಸು ನೋಡುತ್ತಿದ್ದ. ಹುಡುಗಿಯನ್ನು ನಾಲ್ಕು ಮಾತು ಕೇಳುವುದು ಕಸ್ತೂರಬಾಯಿಯ ಕೆಲಸ. ಅಡುಗೆ ಬರುತ್ತದೆಯೇ, ಎಷ್ಟು ಕಲಿತಿದ್ದೀ, ಸ್ವಲ್ಪ ನಡೆದು ತೋರಿಸು. ಹುಡುಗಿ ನಡೆದು ತೋರಿಸಿ ಒಳಗೆ ಹೋದಳು. ಕಸ್ತೂರಬಾಯಿ ಕಪ್ಪೆತ್ತಿ, ತಾನು ಎಂಥ ದೊಡ್ಡ ಮನಸ್ಸಿನವಳೆಂದು ಹೊರಗಿನ ಕುರಿಗಳಿಗೂ ತಿಳಿಯುವಷ್ಟು ಸದ್ದು ಮಾಡಿ ಚಹಾ ಹೀರಿದಳು. ರಾಚಪ್ಪ ಬಶಿಗೆ ಹುಯ್ದುಕೊಂಡು ಕುಡಿದ. ಅಮೋಲ ಒಂದೇ ಗುಟುಕಿಗೆ ಮುಗಿಸಿದ. ನಜವ್ವ ಕಪ್ಪನ್ನು ಕಂಬಳಿಯ ಅಂಚಿಗೆ, ನೆಲದ ಮೇಲೆ ಇಟ್ಟಳು.

ಇಟ್ಟ ಕೂಡಲೇ ಅವಳಿಗೆ ಅಪ್ಪ ಕಂಡ. ಬಾಗಿಲ ಸಂದಿಯಿಂದ ಚಿಕ್ಕಪ್ಪನ ಮಕ್ಕಳ ಜೊತೆ ಕದ್ದು ನೋಡಿದ್ದು, ಯಾರದೋ ಮನೆ, ಗೋಡೆಗುಂಟ ಗಂಡಸರು, ನಡುವೆ ಅಪ್ಪ. ಗಿಡ್ಡ ಮನುಷ್ಯ, ಅಂಗಡಿಯಲ್ಲಿ ಮೇಲಿನ ಹಲಗೆಯ ಬಾಟಲಿಗೆ ಸ್ಟೂಲು ಹತ್ತಬೇಕಾದವನು, ಲೋಟ ಕೆಳಗಿಟ್ಟ ಮೇಲೆ ಎತ್ತರ ಆಗಿಬಿಡುತ್ತಿದ್ದ. ಗಂಟಲು ಸರಿಮಾಡಿಕೊಂಡು ಹುಡುಗನ ತಾತನಿಂದ ಶುರು ಮಾಡುತ್ತಿದ್ದ. ಹೆಣ್ಣಿನ ಕಡೆಯ ಮುದುಕರು ಬೇಕೆಂದೇ ಕಾಯಿಸುತ್ತಿದ್ದರು, ಮಗಳ ಬೆಲೆ ಎಲ್ಲರಿಗೂ ಕಾಣಲಿ ಎಂದು. ಮೂವತ್ತು ಕಾಫಿ ತಣ್ಣಗಾಗುತ್ತಿತ್ತು, ಒಳಗೆ ಹುಡುಗಿ ಉಗುರು ಕಚ್ಚುತ್ತಿದ್ದಳು. ನಜವ್ವ ಎಣಿಸುವುದನ್ನು ಮರೆತಿದ್ದಳು. ಮತ್ತೆ ಒಂದರಿಂದ ಅರಬ್ಬಿಯಲ್ಲಿ ಎಣಿಸತೊಡಗಿದಳು. ಹದಿನೇಳಕ್ಕೆ ಬಂದಾಗ ಅತ್ತೆಯ ಮೊಣಕೈ ಪಕ್ಕೆಗೆ ತಾಗಿತು. ಎಣಿಕೆ ತಪ್ಪಿತು. ಪುನಃ ಒಂದರಿಂದ. ಚಹಾದ ಮೇಲೆ ಕೆನೆ ಸುಕ್ಕುಗಟ್ಟುತ್ತಿತ್ತು. ನಲವತ್ತಕ್ಕೆ ಬರುವಾಗ ಎಲ್ಲರೂ ತನ್ನ ಕಡೆಗೇ ತಿರುಗಿದ್ದಾರೆ ಎಂಬುದು ಗೊತ್ತಾಯಿತು.

"ಚಾ ಆರಾಕತ್ತಾದ್ರಿ," ಎಂದ ಅಮೋಗಸಿದ್ಧ.

ಅವನು ಅವಳ ಮುಖ ನೋಡುತ್ತಿರಲಿಲ್ಲ, ಕಪ್ಪನ್ನು ನೋಡುತ್ತಿದ್ದ. ಆ ನೋಟ ನಜವ್ವನಿಗೆ ಗೊತ್ತಿತ್ತು. ಅವಳು ಸೋಲಾಪುರಕ್ಕೆ ಬಂದ ಮೊದಲ ವರ್ಷ ಅವಳಿಗೆಂದೇ ಒಂದು ಸ್ಟೀಲಿನ ಲೋಟವಿತ್ತು, ತಳಕ್ಕೆ ಕೆಂಪು ನೈಲ್ ಪಾಲಿಶಿನ ಚುಕ್ಕಿ. ಅದನ್ನು ಬೇರೆ ಲೋಟಗಳ ಜೊತೆ ಬೆಳಗುತ್ತಿರಲಿಲ್ಲ. ಯಾವ ಜಗಳವೂ ಆಗದೆ, ತಿಕ್ಕಿ ತಿಕ್ಕಿ ಚುಕ್ಕಿಯೇ ಅಳಿಸಿಹೋಗಿ, ಒಂದು ದಿನ ಯಾವುದು ಯಾವುದೆಂದು ಕಸ್ತೂರಬಾಯಿಗೂ ತಿಳಿಯದೆ ಆ ಪ್ರಕರಣ ಮುಗಿದಿತ್ತು. ಆ ಲೋಟವನ್ನು ನೋಡುವಾಗ ತನ್ನ ಮುಖ ಹೇಗಿರುತ್ತಿತ್ತೋ ಹಾಗೇ ಇತ್ತು ಈಗ ಅಮೋಗಸಿದ್ಧನ ಮುಖ. ಪೇಟೆಯ ಅಂಗಡಿಕಾರರು ಕುರಿಗಾರರ ಮನೆಗೆ ಬಂದು ಚಹಾ ಮುಟ್ಟದೆ ಕೂತರೆ ಈ ಊರಿನಲ್ಲಿ ಅದಕ್ಕೆ ಒಂದೇ ಅರ್ಥ. ಅಪ್ಪ ಮಾಡುತ್ತಿದ್ದ ಅತಿ ದೊಡ್ಡ ಮರ್ಯಾದೆಯನ್ನು ತಾನು ಇಲ್ಲಿ ಅತಿ ದೊಡ್ಡ ಅವಮಾನವಾಗಿ ಮಾಡಿ ನೆಲದ ಮೇಲಿಟ್ಟಿದ್ದೇನೆ ಎಂದು ಹೊಳೆದು ಅವಳ ಕಿವಿ ಬಿಸಿಯಾಯಿತು. ಕೈ ಚಾಚಿದಳು. ಅಷ್ಟರಲ್ಲಿ ಅಮೋಗಸಿದ್ಧ ರಾಚಪ್ಪನ ಕಡೆ ತಿರುಗಿ ಹೇಳಿಬಿಟ್ಟಿದ್ದ.

"ಶೇಟರ, ನಮ್ಮ ಮನಿ ನಿಮಗ ಒಗ್ಗಂಗಿಲ್ಲ ಅಂದ್ರ ಬಾಯಿ ಬಿಟ್ಟು ಹೇಳ್ರಿ. ಮಂದ್ರೂಪದವರು ನಾಳಿ ಬರೂರು ಅದಾರ."

ಇದಾದ ಮೇಲೆ ಕುಡಿದರೆ ಬೈಸಿಕೊಂಡು ಕುಡಿದ ಹಾಗೆ. ಕೈ ಅರ್ಧಕ್ಕೇ ನಿಂತಿತು, ಮತ್ತು ಅವಳ ಮನೆಯವರು ಮೂವರೂ ಒಟ್ಟಿಗೆ ಅವಳನ್ನು ಉಳಿಸಲು ಹಾರಿದರು. ಅವಳಿಗೆ ಪಿತ್ತ, ಚಹಾ ಆಗುವುದಿಲ್ಲ, ವೈದ್ಯರು ಬಿಡಿಸಿದ್ದಾರೆ ಎಂದ ರಾಚಪ್ಪ. ಅದೇ ಉಸಿರಿನಲ್ಲಿ ಕಸ್ತೂರಬಾಯಿ, ಸೊಸೆಗೆ ಇವತ್ತು ಒಪ್ಪೊತ್ತು, ಹರಕೆಯದು ಎಂದಳು. ಅಮೋಲ ಮರಾಠಿಯಲ್ಲಿ, ಆಈ ಹಸಿರು ಚಹಾ ಮಾತ್ರ ಕುಡಿಯುತ್ತಾಳೆ ಎಂದ. ಮೂರು ಸುಳ್ಳೂ ಕೋಣೆಯ ನಡುವೆ ಡಿಕ್ಕಿ ಹೊಡೆದು ನಿಂತವು. ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ರಾಚಪ್ಪ ರಿಪೇರಿಗೆಂದು, ಒಪ್ಪೊತ್ತು ಮಾಡಿದ್ದಕ್ಕೇ ಪಿತ್ತವಾದದ್ದು ಎಂದ. ಒಪ್ಪೊತ್ತಿಗೆ ಚಹಾ ನಡೆಯುತ್ತದಲ್ಲ ಎಂದು ರೇವಮ್ಮ ಯಾರಿಗೂ ಅಲ್ಲದಂತೆ ಹೇಳಿ, ಎಲೆಯಡಿಕೆಯ ಚೀಲವನ್ನು ಪಕ್ಕಕ್ಕಿಟ್ಟು, ಕಂಬಳಿಯ ಮೇಲೆ ಕೂತಲ್ಲೇ ಜರುಗಿ ಜರುಗಿ ನಜವ್ವನ ಎದುರಿಗೆ ಬಂದಳು. ನಡುವೆ ಆ ಚಹಾದ ಕಪ್ಪು ಮಾತ್ರ.

"ಆಕೀಗಿ ಬಾಯಿ ಅದಲ್ಲ," ಎಂದಳು. "ನೀ ಹೇಳವ್ವ. ಯಾಕ ಮುಟ್ಟವಲ್ಲಿ?"

ನಜವ್ವ ಬಾಯಿ ತೆರೆದಳು. ಇಪ್ಪತ್ತೆಂಟು ವರ್ಷದ ಕನ್ನಡ, ಹಾಲಿನವಳ ಜೊತೆ ಜಗಳವಾಡಿದ ಕನ್ನಡ, ಹೆರಿಗೆಯಲ್ಲಿ ಕೂಗಿದ ಕನ್ನಡ, ಎಲ್ಲಿಗೋ ಹೋಗಿ ಕೂತಿತ್ತು. ಬಾಯಿಗೆ ಬಂದದ್ದೆಲ್ಲ ಅತ್ತೆಯಿಂದ ಮೊದಲು ಕಲಿತ ಬೈಗುಳ. ಅದರಲ್ಲೊಂದು ಇನ್ನೇನು ಹೊರಗೆ ಬೀಳುವುದರಲ್ಲಿತ್ತು. ಸೆರಗು ತಲೆಯಿಂದ ಜಾರಿತು, ಅದನ್ನು ಎಳೆದುಕೊಂಡಳು, ಮತ್ತೆ ಜಾರಿತು, ಬಿಟ್ಟಳು. ಮಗ ಸುಮ್ಮನೆ ಕೂರು ಎಂದಿದ್ದ. ಇಷ್ಟು ಸುಮ್ಮನೆ ಅವಳು ಯಾವತ್ತೂ ಕೂತಿರಲಿಲ್ಲ, ಅದರಿಂದಲೇ ಇಷ್ಟೆಲ್ಲ ಆಗಿತ್ತು.

"ನಮ್ಮ ಕಡಿ," ಎಂದಳು. ಮತ್ತೆ, "ನಮ್ಮ ಕಡಿ ಹೆಣ್ಣ ಕೇಳಾಕ ಹ್ವಾದವ್ರು, ಅವ್ರು ಹೂಂ ಅನ್ನೂತನಕ ಅವರ ಮನಿ ಚಾ ಮುಟ್ಟಂಗಿಲ್ರೀ. ಮುಟ್ಟಿದ್ರ ಬರೇ ಚಾ ಕುಡ್ಯಾಕ ಬಂದಾಂಗ ಆಗ್ತದ. ನಾ ಚಾಕ್ಕ ಬಂದಿಲ್ರಿ. ಹುಡುಗೀನ ಕೇಳಾಕ ಬಂದೀನಿ."

ರಾಚಪ್ಪ ಹಣೆ ಹಿಡಿದುಕೊಂಡ. ಕಸ್ತೂರಬಾಯಿ ಇದನ್ನು ತಿದ್ದುವುದೋ, ವಿವರಿಸುವುದೋ, ಸೊಸೆಯನ್ನೇ ಇಲ್ಲಿ ಬಿಟ್ಟು ಹೋಗುವುದೋ ತಿಳಿಯದೆ ಬಳೆ ಮೇಲೇರಿಸಿದಳು. ರೇವಮ್ಮ ಮಾತ್ರ ಕಪ್ಪನ್ನು ಬಗ್ಗಿ ನೋಡಿದಳು. ಆಮೇಲೆ ಖಾಲಿಯಾದ ಮೂರು ಕಪ್ಪುಗಳ ಕಡೆ ಗದ್ದ ಎತ್ತಿ, ಇವರು ಎಂದು ಕೇಳಿದಳು.

ನಜವ್ವ ಗಂಡನನ್ನು, ಅತ್ತೆಯನ್ನು, ಮಗನನ್ನು ನೋಡಿದಳು. ಏನಾದರೂ ಸಮಾಧಾನದ್ದು ಹೇಳಬೇಕಿತ್ತು. "ಇವ್ರು ನೋಡಾಕ ಬಂದಾರ್ರಿ," ಎಂದಳು.

ಅಮೋಗಸಿದ್ಧ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಸಿಟ್ಟು ಎಲ್ಲಿ ಇಡುವುದೆಂದು ತಿಳಿಯದವನ ಹಾಗೆ ಕಂಡ. ರೇವಮ್ಮ ನಕ್ಕಳೋ, ಎಲೆ ಜಗಿದಳೋ, ಹೇಳಲಾಗುತ್ತಿರಲಿಲ್ಲ. ತನ್ನನ್ನು ನೋಡಲು ಬಂದವರು ಕುರಿದೊಡ್ಡಿಯ ಮುಂದೆ ಬಿಸಿಲಲ್ಲಿ ನಿಲ್ಲಿಸಿದ್ದರು ಎಂದು ಹೇಳತೊಡಗಿದಳು, ಎಲ್ಲರಿಗೂ ಕೇಳುವಂತೆ, ಆದರೆ ನಜವ್ವನಿಗೆ ಮಾತ್ರ. ನಡೆಸಿ ನೋಡಿದರು. ಜಡೆ ಬಿಚ್ಚಿಸಿ ಎಳೆದು ನೋಡಿದರು. ಅವಳಿಗೆ ಮಾವನಾಗಲಿದ್ದವನು, ಕುರಿ ವ್ಯಾಪಾರದಲ್ಲಿ ಹುಷಾರು, ಬಾಯಿ ತೆರೆ ಎಂದು ಹಲ್ಲು ನೋಡಿದ. ಎಲ್ಲ ನೋಡಿದರು. "ಕೇಳಲಿಲ್ಲ ನೋಡು," ಎಂದಳು. "ಒಬ್ಬರೂ ಕೇಳಲಿಲ್ಲ." ಹಾಗೆಂದು ಕಪ್ಪನ್ನು ಬಶಿಯ ಸಮೇತ ಎತ್ತಿಕೊಂಡಳು. ಈಗ ತನ್ನ ಕೈಗೆ ಕೊಡುತ್ತಾಳೆ, ಕುಡಿ ಎನ್ನುತ್ತಾಳೆ, ಎಲ್ಲ ಮುಗಿಯಿತು ಎಂದು ನಜವ್ವ ಎರಡೂ ಕೈ ಚಾಚಿದಳು. ರೇವಮ್ಮ ಕೊಡಲಿಲ್ಲ. ಒಳಗಿನ ಬಾಗಿಲಿಗೆ ತಿರುಗಿ ಮೊಮ್ಮಗಳನ್ನು ಕೂಗಿದಳು.

ಸೋನಾಲಿ ಬಾಗಿಲ ಹಿಂದೆಯೇ ಇದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ರೇವಮ್ಮ ಕಪ್ಪನ್ನು ಅವಳಿಗೆ ಕೊಟ್ಟು, "ಇಕೀ ನಿನ್ನ ಕೇಳಾಕ ಬಂದಾಳಂತ. ನೀ ಏನಂತೀ?" ಎಂದಳು.

ಇಂಥ ಪ್ರಶ್ನೆ ಆ ಮನೆಯಲ್ಲಿ ಹಿಂದೆ ಯಾರಿಗೂ ಬಿದ್ದಿರಲಿಲ್ಲ. ಸೋನಾಲಿ ಹೂಂ ಎನ್ನುತ್ತಾಳೆ ಎಂದು ಎಲ್ಲರೂ ಕಾದರು, ಅಮೋಲ ಆಗಲೇ ಅರ್ಧ ನಕ್ಕುಬಿಟ್ಟಿದ್ದ. ಸೋನಾಲಿ ಅವನನ್ನು ನೋಡಿದಳು, ನಜವ್ವನ ಜಾರಿದ ಸೆರಗನ್ನು ನೋಡಿದಳು, ಕೈಯಲ್ಲಿದ್ದ ಚಹಾ ನೋಡಿದಳು. ಇದು ತಣ್ಣಗಾಗಿದೆ, ಬೇರೆ ಇಡುತ್ತೇನೆ, ಅಲ್ಲಿಯತನಕ ಯೋಚನೆ ಮಾಡುತ್ತೇನೆ ಎಂದು ಮರಾಠಿಯಲ್ಲಿ ಹೇಳಿ ಒಳಗೆ ಹೋದಳು. ಅಮೋಲನ ಅರ್ಧ ನಗು ಮುಖದ ಮೇಲೆ ಹಾಗೇ ಉಳಿಯಿತು, ತೆಗೆಯುವುದು ಹೇಗೆಂದು ಅವನಿಗೆ ಗೊತ್ತಾಗಲಿಲ್ಲ. ಎದ್ದು ಒಳಗೆ ಹೋಗಲು ನೋಡಿದ. ಕೂರು ಎಂದಳು ರೇವಮ್ಮ. ಕೂತ.

ಒಳಗೆ ಪಾತ್ರೆ ಇಟ್ಟ ಸದ್ದು, ಗ್ಯಾಸು ಹೊತ್ತಿಸಿದ ಸದ್ದು. ಆಮೇಲೆ ಏನೂ ಇಲ್ಲ. ಯೋಚನೆ ಮಾಡುವವರು ಸದ್ದು ಮಾಡುವುದಿಲ್ಲವಲ್ಲ. ನಜವ್ವ ಒಳಗಿನ ಬಾಗಿಲನ್ನೇ ನೋಡುತ್ತ ಕೂತಳು. ನೋಡಿ ಹೋಗುವುದು ಎಷ್ಟು ಸುಲಭವಿತ್ತು. ಕೇಳಿದ ಮೇಲೆ ಬೇಡ ಎನ್ನಲೂ ಬಹುದು ಎಂಬುದು ಆ ಹಾಳು ಸಂಪ್ರದಾಯದಲ್ಲೇ ಇದೆ ಎಂದು ಅವಳು ಬೆಳಗಿನಿಂದ ಒಂದು ಸಲವೂ ಯೋಚಿಸಿರಲಿಲ್ಲ. ಬೇಡ ಎನ್ನಿಸಿಕೊಂಡು ಬರಿಗೈಲಿ ಎದ್ದು ಬಂದವರ ಕಥೆಯನ್ನು ಅಪ್ಪ ಮನೆಯಲ್ಲಿ ಹೇಳುತ್ತಿರಲಿಲ್ಲ, ಅಷ್ಟೆ. ನಾಳೆ ಮಂದ್ರೂಪದವರು ಬರುತ್ತಾರೆ. ಅವರು ಏನನ್ನೂ ಕೇಳುವುದಿಲ್ಲ, ಚಹಾ ಕುಡಿಯುತ್ತಾರೆ, ಮಾತು ಗಟ್ಟಿಯಾಯಿತೆಂದು ಸಕ್ಕರೆ ಹಂಚುತ್ತಾರೆ. ಅಮೋಲ ತನ್ನನ್ನು ಜೀವಮಾನದಲ್ಲಿ ಕ್ಷಮಿಸುವುದಿಲ್ಲ. ಕಸ್ತೂರಬಾಯಿ ಓಣಿಗೆಲ್ಲ ಹೇಳುತ್ತಾಳೆ, ಮುತ್ತಿನ ಕಥೆಗೆ ಜೊತೆಯಾಗಿ ಚಹಾದ ಕಥೆ. ಹೀಗೆ ಯೋಚಿಸುತ್ತಿರುವಾಗಲೂ ಅವಳ ಒಂದು ಮೂಲೆಯಲ್ಲಿ, ಒಳಗೆ ಒಲೆಯ ಮುಂದೆ ನಿಂತ ಆ ಹುಡುಗಿ ಬೇಗ ಬಾರದಿರಲಿ, ಇನ್ನಷ್ಟು ಹೊತ್ತು ಕಾಯಿಸಲಿ ಎಂಬ ಆಸೆಯಿತ್ತು. ಗಂಡಸರು ಕುರ್ಚಿಯಲ್ಲಿ ನೆಟ್ಟಗೆ ಕೂತು ಒಬ್ಬ ಹುಡುಗಿಯ ಉತ್ತರಕ್ಕೆ ಕಾಯುವುದನ್ನು ಅವಳು ಈ ದೇಶದಲ್ಲಿ ಮೊದಲ ಸಲ ನೋಡುತ್ತಿದ್ದಳು.

ಸೋನಾಲಿ ಬಂದಳು. ಒಂದೇ ಕಪ್ಪು. ನೇರ ಅಮೋಲನ ಮುಂದೆ ನಿಂತು, ತನ್ನ ನೌಕರಿ ಬಿಡುವುದಿಲ್ಲ ಎಂದಳು. ಅವನು ಬೇಡ ಬೇಡ ಎಂದ. ಬಿಡುವುದು ಬೇಡ ಎಂದೋ, ನೌಕರಿಯೇ ಬೇಡ ಎಂದೋ ಎಂದು ಅವಳು ಕೇಳಿದಾಗ ಅವನು ಗಾಬರಿಯಾಗಿ ಎದ್ದು ನಿಂತು, ಬಿಡಬೇಡ ಎಂದು ಜೀವನದಲ್ಲಿ ಬಹುಶಃ ಮೊದಲ ಬಾರಿಗೆ ಶುದ್ಧ ಕನ್ನಡದಲ್ಲಿ ಹೇಳಿದ. ಅವಳು ತಲೆಯಾಡಿಸಿ, ಕಂಬಳಿಯ ಹತ್ತಿರ ಬಂದು ಮಂಡಿಯೂರಿ ಕೂತು, ಕಪ್ಪನ್ನು ನಜವ್ವನ ಕೈಗೆ ಕೊಟ್ಟಳು.

"ಕುಡೀರಿ, ಅತ್ತಿ."

ನಜವ್ವ ಕುಡಿದಳು. ಕುದಿಯುತ್ತಿದ್ದ ಚಹಾ, ನಾಲಿಗೆ ಸುಟ್ಟಿತು, ಬಿಡಲಿಲ್ಲ. ಅಮೋಗಸಿದ್ಧ ರುಮಾಲು ಸುತ್ತಿಕೊಂಡ. ರಾಚಪ್ಪ ಉಸಿರು ಬಿಟ್ಟ ಸದ್ದು ಎಲ್ಲರಿಗೂ ಕೇಳಿತು. ಒಳಗಿನಿಂದ ಸಕ್ಕರೆಯ ಡಬ್ಬಿ ಬಂತು, ಗಂಡಸರು ತಾರೀಖಿನ ಮಾತಿಗೆ ಬಿದ್ದರು, ರೇವಮ್ಮ ಹೊರಗೆ ಹೋಗಿ ಪಕ್ಕದ ಮನೆಗೆ ಕೇಳುವಂತೆ ಯಾರನ್ನೋ ಕೂಗಿದಳು. ನಜವ್ವನ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಚಹಾ ಬಿಸಿ ಎಂದು ಕೇಳದವರಿಗೂ ಹೇಳಿದಳು.

ಈ ಗದ್ದಲದಲ್ಲಿ ಕಸ್ತೂರಬಾಯಿ ಮಾತ್ರ ಸುಮ್ಮನಿದ್ದಳು. ಬೈಗುಳವನ್ನು ಗಾಡಿಗೆಂದು ಕೂಡಿಡುತ್ತಿದ್ದಾಳೆ ಎಂದು ನಜವ್ವ ತಿಳಿದಳು. ಮುದುಕಿ ಎದುರಿನ ಗೋಡೆ ನೋಡುತ್ತ, ತುಟಿ ಅಲುಗಿದ್ದು ಕಾಣದ ಹಾಗೆ, "ನಿಮ್ಮಪ್ಪ ನನ್ನ ಎಷ್ಟೊತ್ತ ಕುಂದರಸ್ತಿದ್ದ?" ಎಂದು ಕೇಳಿದಳು.

ನಜವ್ವನಿಗೆ ತಕ್ಷಣ ಅರ್ಥವಾಗಲಿಲ್ಲ. ತನ್ನನ್ನು ಕೇಳಲು ನಾಬ್ಲುಸಿಗೆ ಬಂದಿದ್ದರೆ ಎಂದು ಅತ್ತೆ ಕೇಳುತ್ತಿದ್ದಾಳೆಂದು ಆಮೇಲೆ ಹೊಳೆಯಿತು. "ಸಂಜೀತನಕ ಕುಂದರಸ್ತಿದ್ನರಿ," ಎಂದಳು.

ಕಸ್ತೂರಬಾಯಿ ಅದನ್ನು ಯೋಚಿಸಿದಳು. ರಾಚಪ್ಪ ಪುಣೆಯಿಂದ ಹೆಂಡತಿಯನ್ನು ಕರೆತಂದಾಗ ಇವಳು ಗೋಡೆಗೆ ಮುಖ ಮಾಡಿ ಮೂರು ದಿನ ಮಲಗಿದ್ದಳು, ಹೊಸ್ತಿಲಲ್ಲಿ ನಿಂತವಳಿಗೆ ಒಳಗೆ ಬಾ ಎಂದದ್ದು ಕೂಡ ಅವರ ಮನೆಯಲ್ಲಿ ಬಾಡಿಗೆಗಿದ್ದವಳು. ಅದು ಇಬ್ಬರಿಗೂ ನೆನಪಿತ್ತು. ಮುದುಕಿ ಮೊಣಕಾಲು ನೀವಿಕೊಂಡು, ನೀವಿದ ಕೈಯನ್ನು ಹಾಗೇ ಸೊಸೆಯ ಮೊಣಕಾಲ ಮೇಲೆ ಇಟ್ಟಳು.

"ಕುಂದ್ರತಿದ್ದೆ," ಎಂದಳು.